ಕ್ಯಾಂಪಸ್ ಪಕ್ಕದ ಜಲಪಾತ, ಕಾಡುದಾರಿ: ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ದೂರದ ಬೆಟ್ಟಕ್ಕೆ ಹೋಗುವಾಗ ವಾರದ ಮೊದಲೇ ಬ್ಯಾಗ್ ಕಟ್ಟುವವರು ಹಾಸ್ಟೆಲ್‌ನಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಜಲಪಾತಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಮಧ್ಯಾಹ್ನದ ಕ್ಲಾಸ್ ಮುಗಿದಿರುತ್ತದೆ, ಕೈಯಲ್ಲಿ ಅರ್ಧ ಬಾಟಲಿ ನೀರು ಇರುತ್ತದೆ. ಪಕ್ಕದಲ್ಲೇ ಇದೆಯಲ್ಲ ಎಂಬ ಸಲಿಗೆ ಹೀಗೆ ಮಾಡಿಸುತ್ತದೆ. ಜಲಪಾತ ಪಕ್ಕದಲ್ಲಿದ್ದರೂ ಅದರಲ್ಲಿ ಬೀಳುವ ನೀರು ಎಷ್ಟೋ ಕಿಲೋಮೀಟರ್ ಮೇಲಿನಿಂದ ಬಂದಿರುತ್ತದೆ. ಅಲ್ಲಿ ಸುರಿದ ಮಳೆ ಇಲ್ಲಿ ನಿಂತವರಿಗೆ ಕಾಣುವುದಿಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಸೂಚನೆಗಳು ಆ ಕಾಣದ ನೀರಿನ ಬಗ್ಗೆಯೇ ಇವೆ.

1. ಜಾಗವನ್ನು ನಕ್ಷೆಯಲ್ಲಿ ಹುಡುಕಿ

ಬೇರೆಯವರು ಹಾಕಿದ ಫೋಟೊ ನೋಡಿ ಹೊರಡಬೇಡಿ. ಫೋಟೊ ಯಾವ ತಿಂಗಳಿನದ್ದು, ಅದಕ್ಕೆ ಹಿಂದಿನ ದಿನ ಮಳೆ ಬಂದಿತ್ತೇ ಎಂಬುದು ಅದರಲ್ಲಿ ಇರುವುದಿಲ್ಲ. ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆ ಬೇಕು. ಭೂಗೋಳ ಅಥವಾ ಭೂವಿಜ್ಞಾನ ವಿಭಾಗದಲ್ಲಿ ಸಾಮಾನ್ಯವಾಗಿ ಸಿಗುತ್ತದೆ, ಕೆಲವು ಗ್ರಂಥಾಲಯಗಳಲ್ಲೂ ಇರುತ್ತದೆ. 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್.

ತೊರೆ ಹರಿಯುವಲ್ಲಿ ಈ ರೇಖೆಗಳು ಇಂಗ್ಲಿಷಿನ ‘ವಿ’ ಅಕ್ಷರದಂತೆ ಬಾಗಿರುತ್ತವೆ. ಆ ‘ವಿ’ಯ ಚೂಪು ತುದಿ ಯಾವಾಗಲೂ ನೀರು ಬರುವ ದಿಕ್ಕಿಗೆ ಇರುತ್ತದೆ. ನಾಲ್ಕೈದು ರೇಖೆಗಳು ಒತ್ತೊತ್ತಾಗಿ ತೊರೆಯನ್ನು ದಾಟಿದ್ದರೆ ಅಲ್ಲಿ ಜಲಪಾತವಿರಬೇಕು, ಇಲ್ಲವೇ ನೀರು ಬಂಡೆಗಳ ಮೇಲೆ ಜಾರುತ್ತ ಇಳಿಯುವ ಕಡಿದಾದ ಕೊರಕಲಿರಬೇಕು.

ಈಗ ತೊರೆಯ ಗೆರೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಹೋಗಿ. ಎಷ್ಟು ಕವಲುಗಳು ಬಂದು ಸೇರುತ್ತವೆ, ಅವೆಲ್ಲ ಎಷ್ಟು ಚದರ ಕಿಲೋಮೀಟರ್ ಜಾಗದ ನೀರನ್ನು ತರುತ್ತವೆ ಎಂದು ಅಂದಾಜು ಮಾಡಿ. ಒಂದು ಚದರ ಕಿಲೋಮೀಟರ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರ್ ನೀರು. ಒಣ ನೆಲ ಅದರಲ್ಲಿ ಒಂದಿಷ್ಟನ್ನು ಕುಡಿದುಕೊಳ್ಳುತ್ತದೆ. ವಾರವಿಡೀ ನೆನೆದ ನೆಲಕ್ಕೆ ಹಾಗೆ ಕುಡಿಯಲು ಆಗುವುದಿಲ್ಲ, ನೀರೆಲ್ಲ ತೊರೆಗೆ ಇಳಿಯುತ್ತದೆ. ಹೀಗೆ ತೊರೆಗೆ ನೀರು ಹರಿದುಬರುವ ಜಾಗ, ಅಂದರೆ ಜಲಾನಯನ, 10 ಚದರ ಕಿಲೋಮೀಟರ್ ಇದ್ದರೆ ಹತ್ತು ಕೋಟಿ ಲೀಟರ್ ಒಂದೇ ಇಕ್ಕಟ್ಟಾದ ಕೊರಕಲಿನಲ್ಲಿ ಹಾದುಹೋಗಬೇಕು. ಮೇಲೆ ಅಣೆಕಟ್ಟು ಅಥವಾ ವಿದ್ಯುತ್ ಘಟಕ ಇದೆಯೇ ಎಂದೂ ನೋಡಿ. ಗೇಟು ತೆಗೆದರೆ ಮಳೆಯಿಲ್ಲದ ದಿನವೂ ನೀರು ಏರುತ್ತದೆ.

ಇದಾದ ಮೇಲೆ ಅನುಮತಿ ವಿಚಾರಿಸಿ. ಜಾಗ ಅರಣ್ಯ ಇಲಾಖೆಯದೋ, ಖಾಸಗಿಯದೋ, ವಿಶ್ವವಿದ್ಯಾಲಯದ್ದೋ ತಿಳಿದುಕೊಳ್ಳಿ. ದಾರಿ ಮುಚ್ಚಿದೆ ಎಂಬ ಬೋರ್ಡ್ ಇದ್ದರೆ ಪಕ್ಕದಿಂದ ನುಸುಳಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಂಪಸ್ ಎರಡು ಕೊರಕಲುಗಳ ನಡುವೆ ಇದೆ. ಅಲ್ಲಿನ ಕ್ಯಾಸ್ಕಡಿಲ್ಲಾ ಕೊರಕಲಿನ ದಾರಿಯನ್ನು ಹಿಮಗಟ್ಟುವ ಚಳಿಗಾಲದಲ್ಲಿ ಮುಚ್ಚಿಬಿಡುತ್ತಾರೆ, ಕೊರಕಲುಗಳಲ್ಲಿ ಈಜುವುದಕ್ಕೂ ನಿಷೇಧವಿದೆ. ಇಂಥ ನಿಯಮಗಳ ಹಿಂದೆ ಹೆಚ್ಚಾಗಿ ಸಾವುಗಳಿರುತ್ತವೆ. ಅದನ್ನು ಬೋರ್ಡಿನ ಮೇಲೆ ಬರೆದಿರುವುದಿಲ್ಲ, ಅಷ್ಟೆ.

2. ಸಮಯದ ಲೆಕ್ಕ

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದಾಗಿನ ಲೆಕ್ಕ. ಹೊಸಬರಿರುವ ಗುಂಪಾದರೆ ಬಂದ ಸಮಯವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ದಾರಿ 4 ಕಿಲೋಮೀಟರ್, ಏರು 300 ಮೀಟರ್ ಎಂದಿಟ್ಟುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 30, ಒಟ್ಟು 78 ನಿಮಿಷ. ಒಂದೂವರೆ ಪಟ್ಟು ಮಾಡಿದರೆ ಸುಮಾರು ಎರಡು ಗಂಟೆ. ಇಳಿಯುವಾಗ ಬೇಗ ಬರಬಹುದು ಎಂದು ಸಮಯ ಉಳಿಸಿಕೊಳ್ಳಬೇಡಿ. ಒದ್ದೆ ಬಂಡೆ ಮತ್ತು ಬೇರುಗಳ ಮೇಲೆ ಇಳಿಯಲು ಹತ್ತಿದಷ್ಟೇ ಹೊತ್ತು ಹಿಡಿಯುತ್ತದೆ, ಕಾಲು ಉಳುಕುವುದೂ ದಣಿದು ಇಳಿಯುವಾಗಲೇ ಹೆಚ್ಚು. ಹೋಗಲು ಎರಡು, ಬರಲು ಎರಡು, ಜಲಪಾತದ ಬಳಿ ಒಂದು ಎಂದರೆ ಐದು ಗಂಟೆ.

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲೇ ಕಾಡಿನಿಂದ ಹೊರಗಿರಬೇಕು, ಏಕೆಂದರೆ ಕೊರಕಲಿನೊಳಗೆ ಬಯಲಿಗಿಂತ ಬಹಳ ಬೇಗ ಕತ್ತಲಾಗುತ್ತದೆ. ಸೂರ್ಯಾಸ್ತ 6 ಗಂಟೆಗಾದರೆ 4:30ಕ್ಕೆ ಹೊರಗೆ, 2:30ಕ್ಕೆ ಜಲಪಾತ ಬಿಡುವುದು, 11:30ಕ್ಕೆ ಹೊರಡುವುದು. ಮಧ್ಯಾಹ್ನದ ಕ್ಲಾಸ್ ಮುಗಿಸಿ ಹೋಗಿಬರುತ್ತೇವೆ ಎನ್ನುವ ಯೋಜನೆ ಇಲ್ಲೇ ಬಿದ್ದುಹೋಗುತ್ತದೆ. 2:30 ಎಂದು ಗೊತ್ತುಮಾಡಿಕೊಂಡಿದ್ದರೆ ಜಲಪಾತ ಮುಟ್ಟಲು ಹತ್ತೇ ನಿಮಿಷ ಉಳಿದಿದ್ದರೂ ಆ ಹೊತ್ತಿಗೆ ತಿರುಗಿಬಿಡಿ.

ಗುಂಪಿನಲ್ಲಿ ಕನಿಷ್ಠ ನಾಲ್ಕು ಜನ ಇರಲಿ. ಒಬ್ಬರಿಗೆ ಪೆಟ್ಟಾದರೆ ಅವರ ಜೊತೆ ಒಬ್ಬರು ಉಳಿದು, ಇಬ್ಬರು ಸಹಾಯ ತರಲು ಹೋಗಬಹುದು. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಎರಡು ಗುಂಪು ಮಾಡಿ. ಹಾಸ್ಟೆಲ್‌ನಲ್ಲಿ ಉಳಿಯುವ ಒಬ್ಬರಿಗೆ ಒಂದು ಹಾಳೆ ಬರೆದುಕೊಡಿ: ಹೋಗುವವರ ಹೆಸರು, ಫೋನ್ ನಂಬರ್, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆಯಾದರೂ ಸುದ್ದಿ ಬರದಿದ್ದರೆ ಯಾರಿಗೆ ಕರೆ ಮಾಡಬೇಕು. ‘ಸಂಜೆ ಬರ್ತೀವಿ’ ಎಂದು ಬಾಯಲ್ಲಿ ಹೇಳಿ ಹೋದರೆ ರಾತ್ರಿ ಹತ್ತರವರೆಗೂ ಯಾರೂ ಹುಡುಕಲು ಹೊರಡುವುದಿಲ್ಲ.

3. ಹೋಗಬಹುದೋ, ಬೇಡವೋ

ಹವಾಮಾನ ಮುನ್ಸೂಚನೆಯನ್ನು ಕ್ಯಾಂಪಸ್ ಊರಿಗಲ್ಲದೆ ತೊರೆ ಹುಟ್ಟುವ ಬೆಟ್ಟದ ಜಾಗಕ್ಕೆ ನೋಡಿ. ಹಿಂದಿನ ದಿನ ಮೇಲ್ಭಾಗದಲ್ಲಿ ಜೋರು ಮಳೆಯಾಗಿದ್ದರೆ, ಅಥವಾ ಆ ದಿನ ಗುಡುಗುಮಳೆಯ ಸೂಚನೆ ಇದ್ದರೆ, ಕೊರಕಲಿಗೆ ಇಳಿಯಬೇಡಿ. ಜಲಪಾತವನ್ನು ದೂರದಿಂದ ಕಾಣಿಸುವ ಎತ್ತರದ ದಾರಿ ಇದ್ದರೆ ಅಂದು ಅದೇ ಒಳ್ಳೆಯದು. ತುಂಬಿ ಬೀಳುವ ಜಲಪಾತ ದೂರದಿಂದಲೇ ಚೆಂದ.

ದಾರಿಯಲ್ಲಿ ಗುಡುಗು ಕೇಳಿಸಿದರೆ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ನೀರು, ಬಯಲು ಬಂಡೆ, ಒಂಟಿ ಮರ ಈ ಮೂರನ್ನೂ ಬಿಟ್ಟು ದೂರ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

4. ಬ್ಯಾಗಿನಲ್ಲಿ

ನಡಿಗೆಯ ಪ್ರತಿ ಗಂಟೆಗೆ ಅರ್ಧ ಲೀಟರ್ ನೀರು ಬೇಕು. ಐದು ಗಂಟೆಗೆ ತಲಾ ಎರಡೂವರೆ ಲೀಟರ್, ಬಿಸಿಲು ಜಾಸ್ತಿ ಇದ್ದರೆ ಮೂರು. ಜಲಪಾತದ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ, ಮೇಲೆ ದನಕರುಗಳಿರಬಹುದು, ಊರೂ ಇರಬಹುದು. ಕುಡಿಯಲೇಬೇಕಾದರೆ ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು.

ಇವಲ್ಲದೆ ಸೀಟಿ, ತಲೆಗೆ ಕಟ್ಟುವ ಟಾರ್ಚ್, 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್ ಎರಡು, ಬ್ಯಾಂಡ್‌ಏಡ್, ಚಿಮುಟ, 15 ಮೀಟರ್ ಹಗ್ಗ, ಫೋನಿನಲ್ಲಿ ಮೊದಲೇ ಇಳಿಸಿಕೊಂಡ ಆಫ್‌ಲೈನ್ ನಕ್ಷೆ, ಪವರ್‌ಬ್ಯಾಂಕ್. ಒಂದು ಜೊತೆ ಒಣ ಸಾಕ್ಸ್ ಮತ್ತು ಟೀಶರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಿ. ಜೀನ್ಸ್ ಬೇಡ. ನೆಂದರೆ ಭಾರ, ಒಣಗುವುದೂ ತಡ.

ಶೂ ಬಗ್ಗೆ ಸ್ವಲ್ಪ ಹೆಚ್ಚು ಯೋಚಿಸಿ. ಅಟ್ಟೆ ಮೆದು ರಬ್ಬರಿನದಾಗಿರಬೇಕು, ಅದರ ಕಚ್ಚುಗಳು ಸವೆದಿರಬಾರದು. ಜಿಮ್ ಶೂಗಳ ನುಣುಪಾದ ಗಟ್ಟಿ ಅಟ್ಟೆ ಒದ್ದೆ ಕಲ್ಲಿನ ಮೇಲೆ ಗಾಜಿನಂತೆ ಜಾರುತ್ತದೆ. ಹೊಸ ಶೂ ಹಾಕಿಕೊಂಡು ನೇರ ಕಾಡಿಗೆ ಹೋಗಬೇಡಿ, ಒಂದು ವಾರ ಕ್ಯಾಂಪಸ್‌ನಲ್ಲೇ ಓಡಾಡಿ ಪಳಗಿಸಿ.

5. ದಾರಿಯಲ್ಲಿ

ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿನಿಂದ ಎರಡನೆಯವರಾಗಿರಲಿ. ದಾರಿ ಚೆನ್ನಾಗಿ ಗೊತ್ತಿರುವ ಇಬ್ಬರಲ್ಲಿ ಒಬ್ಬರು ಮೊದಲು, ಇನ್ನೊಬ್ಬರು ಕೊನೆಗೆ. ಪ್ರತಿ ಕವಲಿನಲ್ಲೂ ಎಲ್ಲರೂ ಸೇರುವವರೆಗೆ ನಿಲ್ಲಿ. ಕವಲು ದಾಟಿದ ಕೂಡಲೇ ಒಮ್ಮೆ ಹಿಂತಿರುಗಿ ನೋಡಿ, ಒಂದು ಫೋಟೊ ತೆಗೆಯಿರಿ. ಬರುವಾಗ ಅದೇ ಕವಲು ಬೇರೆಯೇ ಜಾಗದಂತೆ ಕಾಣುತ್ತದೆ, ದಾರಿ ತಪ್ಪುವವರು ಹೆಚ್ಚಾಗಿ ಮರಳುವಾಗಲೇ ತಪ್ಪುತ್ತಾರೆ.

ದಾರಿ ತಪ್ಪಿತು ಅನ್ನಿಸಿದರೆ ತೊರೆಯ ಜಾಡು ಹಿಡಿದು ಕೆಳಗಿಳಿಯಬೇಡಿ. ‘ನೀರು ಊರಿಗೆ ಹೋಗುತ್ತದೆ’ ಎಂಬ ಮಾತನ್ನು ನಂಬಿ ಇಳಿದವರು ಜಲಪಾತದ ನೆತ್ತಿಗೆ ಬಂದು ನಿಲ್ಲುತ್ತಾರೆ, ಮುಂದೆ ಇಳಿಯಲಾಗದು, ಹಿಂದೆ ಹತ್ತಲಾಗದು. ಬಂದ ಹೆಜ್ಜೆಯಲ್ಲೇ ಕೊನೆಯ ಗೊತ್ತಿರುವ ಕವಲಿಗೆ ಮರಳಿ.

ಉಂಬಳ (ಜಿಗಣೆ) ಇರುವ ಕಾಡಾದರೆ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಹಿಡಿದುಕೊಂಡ ಉಂಬಳಕ್ಕೆ ಉಪ್ಪು, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಉಗುರನ್ನು ಚರ್ಮಕ್ಕೆ ಚಪ್ಪಟೆಯಾಗಿ ಇಟ್ಟು, ಸಣ್ಣ ತುದಿಯ ಕಡೆಯಿಂದ ಬಾಯಿಯನ್ನು ಸರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಾಯದಿಂದ ಬಹಳ ಹೊತ್ತು ರಕ್ತ ಒಸರುತ್ತದೆ, ಗಾಬರಿ ಬೇಡ. ಉಣ್ಣೆ ಎಂಬ ರಕ್ತ ಹೀರುವ ಪುಟ್ಟ ಹುಳುವನ್ನಾದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ತಿರುಚದೆ ನೇರ ಎಳೆಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಇಟ್ಟು ಕಟ್ಟಿ, ನಡೆಸದೆ ಹೊತ್ತು ಆಸ್ಪತ್ರೆಗೆ ಸಾಗಿಸಿ.

6. ಜಲಪಾತದ ಬಳಿ

ಬಂದ ತಕ್ಷಣ ಮಾಡಬೇಕಾದ್ದು ಇಷ್ಟು. ನೀರಿನ ಅಂಚಿನಲ್ಲಿ, ನೀರು ಆಗಷ್ಟೇ ಮುಟ್ಟುವಂತೆ ಒಂದು ಬಿಳಿ ಕಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಅದನ್ನು ನೋಡಬೇಕು. ಕಲ್ಲು ಅರ್ಧ ಮುಳುಗಿದ್ದರೆ ಎಲ್ಲರೂ ಮೇಲೆ. ಹಾಗೆಯೇ ತಿಳಿ ನೀರು ಚಹಾ ಬಣ್ಣಕ್ಕೆ ತಿರುಗಿದರೆ, ಹಸಿ ಎಲೆ, ಕಡ್ಡಿ, ನೊರೆ ತೇಲಿಬರತೊಡಗಿದರೆ, ಸದ್ದು ದಪ್ಪಗಾದರೆ ಬ್ಯಾಗನ್ನೂ ನೋಡದೆ ಮೇಲೇರಿ. ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೂ ಅಪಾಯವೇ, ಮೇಲೆ ಎಲ್ಲೋ ಮರ ಅಥವಾ ಮಣ್ಣು ಅಡ್ಡಬಿದ್ದು ನೀರು ಕಟ್ಟಿ ನಿಂತಿರಬಹುದು. ಓಡಬೇಕಾದ್ದು ಪಕ್ಕದ ಇಳಿಜಾರು ಹತ್ತಿ ಮೇಲಕ್ಕೆ. ತೊರೆಯ ಉದ್ದಕ್ಕೂ ಓಡಿದರೆ ನೀರೇ ಗೆಲ್ಲುತ್ತದೆ.

ಆದ್ದರಿಂದ ಕೂರುವ ಮೊದಲೇ ಮೇಲೇರುವ ದಾರಿ ಯಾವುದು ಎಂದು ಕೈತೋರಿಸಿ ಮಾತಾಡಿಕೊಳ್ಳಿ. ತೊರೆಯ ನಡುವಿನ ಬಂಡೆಯ ಮೇಲೆ ಕೂತು ಊಟ ಮಾಡಬೇಡಿ. ನೀರು ಏರಿದಾಗ ದಡದ ಕಡೆಯ ಕಾಲುವೆಯೇ ಮೊದಲು ತುಂಬಬಹುದು, ಬಂಡೆ ನಡುಗಡ್ಡೆಯಾಗುತ್ತದೆ.

ಬಂಡೆಗಳನ್ನು ಬಗ್ಗಿ ಹತ್ತಿರದಿಂದ ನೋಡಿ. ಮಾಸಲು ಬೂದು ಬಣ್ಣದ ಒಣ ಕಲ್ಲು ಕಾಲು ಹಿಡಿಯುತ್ತದೆ. ಹಸಿರು ಪಾಚಿ ಕಣ್ಣಿಗೆ ಬೀಳುವುದರಿಂದ ಎಲ್ಲರೂ ಅದನ್ನು ತಪ್ಪಿಸುತ್ತಾರೆ. ಹೆಚ್ಚು ಜನರನ್ನು ಬೀಳಿಸುವುದು ಅದರ ಪಕ್ಕದ ಕಂದು ಹಾವಸೆ. ಎಣ್ಣೆ ಸವರಿದಷ್ಟು ತೆಳ್ಳಗಿರುವ ಈ ಪದರ ಬರೀ ಒದ್ದೆ ಕಲ್ಲಿನಂತೆ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ಲೋಳೆ ಗೊತ್ತಾಗುತ್ತದೆ. ದಪ್ಪ ಪಾಚಿಯ ಮೆತ್ತೆಯನ್ನೂ ನಂಬಬೇಡಿ, ಭಾರ ಬಿದ್ದಾಗ ಅದು ಚಾಪೆಯಂತೆ ಸುಲಿದು ಬರುತ್ತದೆ. ಪ್ರತಿ ಹೆಜ್ಜೆಗೂ ಮೊದಲು ಪಾದ ಒತ್ತಿ ಸ್ವಲ್ಪ ತಿರುಗಿಸಿ ನೋಡಿ, ಆಮೇಲೆ ಮೈಭಾರ ಹಾಕಿ. ಕಡಿದಾದಲ್ಲಿ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆ ಹಿಡಿದಿರಲಿ.

ಧಾರೆಯ ಕೆಳಗೆ ನಿಲ್ಲುವ ಆಸೆ ಎಲ್ಲರಿಗೂ ಇರುತ್ತದೆ. ನೀರಿನ ಜೊತೆ ಕಲ್ಲೂ, ಕೊಂಬೆಯೂ ಬೀಳುತ್ತವೆ. 20 ಮೀಟರ್ ಎತ್ತರದಿಂದ ಬೀಳುವ ಬೆಣಚುಕಲ್ಲು ಕೆಳಗೆ ಮುಟ್ಟುವಾಗ ಅದರ ವೇಗ ಗಂಟೆಗೆ 70 ಕಿಲೋಮೀಟರ್. ಬಂಡೆಗೋಡೆಯ ಬುಡದಲ್ಲಿ ಹೊಸದಾಗಿ ಒಡೆದ, ಅಂಚು ಚೂಪಾದ ಕಲ್ಲುಗಳು ಬಿದ್ದಿದ್ದರೆ ಅಲ್ಲಿ ನಿಲ್ಲಲೇಬೇಡಿ. ಗೋಡೆಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದೂ ನೋಡಿ. ಕಟ್ಟಿದ್ದರೆ ಕೂಗಾಟ, ಹೊಗೆ, ಕಲ್ಲೆಸೆತ ಯಾವುದೂ ಬೇಡ, ಸದ್ದಿಲ್ಲದೆ ಹಿಂದೆ ಸರಿಯಿರಿ.

ಮಡುವಿನ ವಿಷಯ ಇದಕ್ಕಿಂತ ಗಂಭೀರ. ಬೀಳುವ ಧಾರೆ ತನ್ನ ಜೊತೆ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗುಳ್ಳೆ ತುಂಬಿದ ಬಿಳಿ ನೀರಿನ ಸಾಂದ್ರತೆ ಕಡಿಮೆ, ಹಾಗಾಗಿ ತಿಳಿ ನೀರಿನಲ್ಲಿ ತೇಲುವ ಮೈ ಅದರಲ್ಲಿ ತೇಲುವುದಿಲ್ಲ, ಕೈ ಬಡಿದರೂ ಹಿಡಿತ ಸಿಗುವುದಿಲ್ಲ. ಧಾರೆ ತಳಕ್ಕೆ ಹೊಡೆದು ಸ್ವಲ್ಪ ಮುಂದೆ ಮೇಲೆದ್ದಾಗ, ಮೇಲ್ಮೈಯ ನೀರು ಮತ್ತೆ ಜಲಪಾತದ ಕಡೆಗೇ ಹರಿಯುತ್ತದೆ. ದಡದಿಂದ ನೋಡುತ್ತಿದ್ದರೆ ಎಲೆಯೊಂದು ಧಾರೆಯ ಬುಡಕ್ಕೆ ಸಾಗಿ, ಮುಳುಗಿ, ಎದ್ದು, ಪುನಃ ಅಲ್ಲಿಗೇ ಹೋಗುವುದು ಕಾಣುತ್ತದೆ. ಈಜು ಬಲ್ಲವರೂ ಇದೇ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಡುವಿನ ತಳವೂ ಸ್ಥಿರವಲ್ಲ. ಪ್ರತಿ ಪ್ರವಾಹ ಮರಳು, ಬಂಡೆ, ಮರದ ದಿಮ್ಮಿಗಳನ್ನು ಅತ್ತಿತ್ತ ಮಾಡುತ್ತದೆ, ಹೋದ ವರ್ಷ ಹಾರಿದ ಜಾಗದಲ್ಲಿ ಈ ವರ್ಷ ಬಂಡೆ ಇರಬಹುದು. ಹಾರುವುದನ್ನು ಪೂರ್ತಿ ಬಿಟ್ಟುಬಿಡಿ. ಇಳಿಯಲು ಅನುಮತಿ ಇರುವಲ್ಲಿ, ಧಾರೆಯಿಂದ ಬಹಳ ಕೆಳಗೆ, ತಳ ಕಾಣುವ, ಸೆಳವಿಲ್ಲದ, ಮೊಣಕಾಲು ಮಟ್ಟದ ನೀರಿನಲ್ಲಿ ಕೂತು ಮೈ ತೋಯಿಸಿಕೊಂಡರೆ ಸಾಕಷ್ಟು ಖುಷಿ ಸಿಗುತ್ತದೆ.

ಜಲಪಾತದ ನೆತ್ತಿಯಲ್ಲಿ ನೀರು ತೆಳ್ಳಗೆ, ನುಣ್ಣಗೆ, ಸದ್ದಿಲ್ಲದೆ ಹರಿಯುತ್ತದೆ. ನಿಜದಲ್ಲಿ ಅಂಚು ಹತ್ತಿರವಾದಂತೆ ಅದರ ವೇಗ ಏರುತ್ತಿರುತ್ತದೆ, ಕಲ್ಲೂ ಸವೆದು ನುಣುಪಾಗಿರುತ್ತದೆ. ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ನೀರಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು 15 ಸೆಂಟಿಮೀಟರ್ ಆಳವಿದ್ದರೂ ದೊಡ್ಡವರನ್ನು ಕೆಡವಬಲ್ಲದು. ಆದ್ದರಿಂದ ನೆತ್ತಿಯ ಭಾಗದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರಿಗೂ ಇಳಿಯಬೇಡಿ, ಫೋಟೊಕ್ಕಾಗಿ ಅಂಚಿಗೆ ಬೆನ್ನು ಹಾಕಿ ಹಿಂದೆ ಹಿಂದೆ ಸರಿಯಬೇಡಿ.

ತೊರೆ ದಾಟಲೇಬೇಕಾದರೆ

ಕೆಳಗೆ ಜಲಪಾತ ಅಥವಾ ಅಡ್ಡಬಿದ್ದ ಮರ ಇರುವಲ್ಲಿ ದಾಟಬೇಡಿ. ತೊರೆ ಅಗಲವಾಗಿ ಹರಡಿರುವಲ್ಲಿ ಆಳ ಕಡಿಮೆ ಇರುತ್ತದೆ. ಇಕ್ಕಟ್ಟಾದ ಕಡೆ ದಾರಿ ಚಿಕ್ಕದಾದರೂ ಆಳ ಮತ್ತು ಸೆಳವು ಎರಡೂ ಹೆಚ್ಚು. ಮೊಣಕಾಲಿಗಿಂತ ಮೇಲೆ ಬರುವಂತಿದ್ದರೆ ತಿರುಗಿ ಹೋಗಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಶೂ ಹಾಕಿಕೊಂಡೇ, ನೀರು ಬರುವ ಕಡೆ ಮುಖಮಾಡಿ, ಗಟ್ಟಿ ಕೋಲನ್ನು ಮುಂದೆ ಊರಿ ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡಿ. ಕೊಚ್ಚಿಕೊಂಡು ಹೋದರೆ ಅಂಗಾತ ಮಲಗಿ, ಪಾದಗಳನ್ನು ನೀರು ಹೋಗುವ ದಿಕ್ಕಿಗೆ ಎತ್ತಿ ಹಿಡಿದು, ಕೈಯಿಂದ ದಡದ ಕಡೆ ಸಾಗಿ. ರಭಸದ ನಡುವೆ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿ ನೀರು ಮೈಯನ್ನು ಮುಂದಕ್ಕೆ ಮಡಚಿಬಿಡುತ್ತದೆ.

ಯಾರಾದರೂ ನೀರಿಗೆ ಬಿದ್ದರೆ

ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿರುತ್ತದೆ. ಅವರ ಹಿಂದೆ ಹಾರಬೇಡಿ, ಒಂದು ಸಾವು ಎರಡಾಗುವುದು ಹೀಗೆಯೇ. ದಡದಲ್ಲಿ ಮಲಗಿ ಕೋಲು ಚಾಚಿ, ಹಗ್ಗ ಎಸೆಯಿರಿ. ಹಗ್ಗದ ತುದಿಗೆ ಕಾಲುಭಾಗ ನೀರಿರುವ ಮುಚ್ಚಿದ ಬಾಟಲಿ ಕಟ್ಟಿದರೆ ದೂರಕ್ಕೂ ಹೋಗುತ್ತದೆ, ತೇಲುತ್ತದೆ. ಹೊರತಂದವರು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಿ ಸಮಯ ಕಳೆಯಬೇಡಿ. ಸಿಪಿಆರ್ ಕಲಿತವರು ಮೊದಲು ಉಸಿರು ಕೊಟ್ಟು, ಆಮೇಲೆ 30 ಎದೆಯೊತ್ತಿಗೆ 2 ಉಸಿರಿನಂತೆ ಮುಂದುವರಿಸಲಿ. ನೀರು ಕುಡಿದು ಚೇತರಿಸಿಕೊಂಡವರನ್ನೂ ಅದೇ ದಿನ ವೈದ್ಯರಿಗೆ ತೋರಿಸಿ.

ಅನೇಕ ದೇಶಗಳಲ್ಲಿ ತುರ್ತು ಸಂಖ್ಯೆ 112, ಸ್ಥಳೀಯ ಸಂಖ್ಯೆ ಬೇರೆಯಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಕರೆ ಹೋಗದಷ್ಟು ಕ್ಷೀಣ ಸಿಗ್ನಲ್‌ನಲ್ಲೂ ಎಸ್‌ಎಂಎಸ್ ಹೋಗಬಹುದು. ನಕ್ಷೆ ಆ್ಯಪ್ ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಾಲ್ಕು ಅಂಕಿಗಳವರೆಗೆ ಕಳಿಸಿದರೆ ನೀವಿರುವ ಜಾಗ ಹತ್ತಾರು ಮೀಟರ್ ಒಳಗೆ ತಿಳಿಯುತ್ತದೆ. ಧಾರೆಯ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ: ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರವಾಗಿ ನಿಮಿಷಕ್ಕೆ ಮೂರು ಸೀಟಿ ಬರುತ್ತದೆ.

7. ನೋಡುವುದಕ್ಕೆ ಏನೆಲ್ಲ ಇದೆ

ಸೂರ್ಯ ಬೆನ್ನ ಹಿಂದೆ ಇರುವಾಗ ತುಂತುರಿನಲ್ಲಿ ಕಾಮನಬಿಲ್ಲು ಹುಡುಕಿ. ನಿಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿಂದ ಸುಮಾರು 42 ಡಿಗ್ರಿ ಆಚೆ ಅದು ಇರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ನೆರಳಿನಿಂದ ನಾಲ್ಕು ಮುಷ್ಟಿ ಅಳೆದು ನೋಡಿ, ಸಿಕ್ಕೇ ಸಿಗುತ್ತದೆ.

ಕೆಳಗಿನ ಸೆಳವಿಲ್ಲದ ನೀರಿನಲ್ಲಿ ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ. ಮರಳಿನ ಕಣಗಳನ್ನು ರೇಷ್ಮೆಯಂಥ ಎಳೆಯಿಂದ ಅಂಟಿಸಿ ಮಾಡಿದ ಪುಟ್ಟ ಕೊಳವೆಗಳು ಅಂಟಿಕೊಂಡಿದ್ದರೆ ಅವು ಕ್ಯಾಡಿಸ್ ಹುಳುವಿನ ಮನೆಗಳು. ಬಾಲದಲ್ಲಿ ಎರಡು ಎಳೆ ಇರುವ ಮರಿಹುಳು ಸ್ಟೋನ್‌ಫ್ಲೈ ಎಂಬ ಕೀಟದ್ದು, ಸಾಮಾನ್ಯವಾಗಿ ಮೂರು ಎಳೆ ಇರುವುದು ಮೇಫ್ಲೈ ಎಂಬ ಕೀಟದ್ದು. ಇವು ಆಮ್ಲಜನಕ ಚೆನ್ನಾಗಿರುವ, ಕೊಳೆ ಸೇರದ ನೀರನ್ನು ಬಯಸುವ ಜೀವಿಗಳು. ವರ್ಷ ವರ್ಷವೂ ಒಂದೇ ಜಾಗದಲ್ಲಿ ಎಣಿಸಿ ಬರೆದಿಟ್ಟರೆ ತೊರೆಯ ಆರೋಗ್ಯದ ದಾಖಲೆಯಾಗುತ್ತದೆ, ಪಕ್ಕದಲ್ಲೇ ಇರುವ ವಿದ್ಯಾರ್ಥಿಗಳಿಗೆ ಇದು ಸಾಧ್ಯವಾಗುವ ಕೆಲಸ. ನೋಡಿದ ಮೇಲೆ ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ.

ಸೋಪು, ಶಾಂಪೂ ನೀರಿಗೆ ಹಾಕಲೇಬೇಡಿ. ಮಲವಿಸರ್ಜನೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚಿ. ಹಣ್ಣಿನ ಸಿಪ್ಪೆಯೂ ಸೇರಿ ತಂದದ್ದೆಲ್ಲ ವಾಪಸ್ ಬರಲಿ.

8. ಮರಳಿದ ಮೇಲೆ

ಹಾಳೆ ಇಟ್ಟುಕೊಂಡವರಿಗೆ ಮೊದಲು ಕರೆ ಮಾಡಿ, ಸ್ನಾನ ಆಮೇಲೆ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣ್ಣೆ ಇದೆಯೇ ನೋಡಿ. ಒಳ ಅಟ್ಟೆ ತೆಗೆದು ಶೂ ಒಳಗೆ ಪತ್ರಿಕೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿ, ಹೀಟರ್ ಎದುರಿಟ್ಟರೆ ಅಂಟು ಬಿಡುತ್ತದೆ. ದಿನಾಂಕ, ಹಿಂದಿನ ಎರಡು ದಿನಗಳ ಮಳೆ, ಗುರುತಿನ ಬಂಡೆಯೊಂದರ ಎಷ್ಟು ಭಾಗಕ್ಕೆ ನೀರು ಇತ್ತು, ಹೋಗಲು ಬರಲು ಹಿಡಿದ ಸಮಯ ಇವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಹಾಸ್ಟೆಲ್‌ನಲ್ಲೇ ಇಡಿ. ಮುಂದಿನ ಗುಂಪು ಹೊರಡುವ ಮುನ್ನ ಆ ಪುಟ ತೆರೆದು ನೋಡಲಿ.